ಟೈಲರಮ್ಮ ಬರೆದ ಬೆಟ್ಟ

ಒಂದೇ ಗೋಡೆಯ ಆಚೆ ಈಚೆ ಎರಡು ಅಂಗಡಿ. ಈಚೆಯದು ಹೆಂಡತಿಯದು, ಬಟ್ಟೆ ಹೊಲಿಯುವುದು. ಆಚೆಯದು ಗಂಡನದು, ಫೋಟೋಗಳಿಗೆ ಕಟ್ಟು ಹಾಕುವುದು. ನಡುಗೋಡೆಯಲ್ಲಿ ತಲೆ ತೂರಿಸುವಷ್ಟು ದೊಡ್ಡ ಕಿಂಡಿಯೊಂದಿತ್ತು. ಅದರಲ್ಲಿ ಟೀ ಲೋಟ ಆಚೆ ಹೋಗುತ್ತಿತ್ತು, ಸಾಲ ಪಡೆದ ಕತ್ತರಿ ಈಚೆ ಬರುತ್ತಿತ್ತು, ದಿನಕ್ಕೊಂದು ಸಣ್ಣ ಜಗಳ ಎರಡೂ ಕಡೆ ಓಡಾಡುತ್ತಿತ್ತು. ಮೂವತ್ತೊಂದು ವರ್ಷದ ಸಂಸಾರ ಹೆಚ್ಚುಕಡಿಮೆ ಆ ಕಿಂಡಿಯಲ್ಲೇ ನಡೆದಿತ್ತು ಎಂದರೂ ಸರಿಯೇ. ಬೀದಿಯವರಿಗೆ ಆಕೆ ಟೈಲರಮ್ಮ, ಆತ ಫ್ರೇಮಣ್ಣ. ಹಗಲೆಲ್ಲ ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೂ ಹೊಲಿಗೆ ಯಂತ್ರ ತಟ್ಟನೆ ನಿಂತರೆ ಆಕೆಗೆ ಸಿಟ್ಟು ಬಂದಿದೆ ಎಂದು ಆತನಿಗೆ ತಿಳಿಯುತ್ತಿತ್ತು. ಗರಗಸದ ಸದ್ದು ಜೋರಾದರೆ ಆತನಿಗೆ ಹಸಿವಾಗಿದೆ ಎಂದು ಆಕೆಗೆ.

ಟೈಲರಮ್ಮನ ಕೈಗುಣ ಚೆನ್ನಾಗಿತ್ತು, ಮಾತನ್ನು ಮಾತ್ರ ನಂಬುವಂತಿರಲಿಲ್ಲ. ಶುಕ್ರವಾರ ಬನ್ನಿ ಎನ್ನುತ್ತಿದ್ದಳು. ಯಾವ ಶುಕ್ರವಾರ ಎಂದು ಹೇಳುತ್ತಿರಲಿಲ್ಲ. ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು, ಬಟ್ಟೆ ತೊಟ್ಟ ಮೇಲೆ ಬೈದದ್ದನ್ನು ಮರೆತು ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು. ಏಕೆಂದರೆ ಆಕೆ ಬೆನ್ನು ನೋಡಿ ಹೊಲಿಯುತ್ತಿದ್ದಳು. ಎದುರಿನಿಂದ ನೋಡಿದರೆ ಎಲ್ಲರೂ ನೆಟ್ಟಗೇ ನಿಲ್ಲುತ್ತಾರೆ, ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ, ಒಂದಿಷ್ಟು ಗತ್ತು ಮಾಡುತ್ತಾರೆ. ಬೆನ್ನಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂಬುದು ಆಕೆಯ ನಂಬಿಕೆ. ಗಂಡನ ಎಡಭುಜ ಬಲಭುಜಕ್ಕಿಂತ ಅರ್ಧ ಇಂಚು ತಗ್ಗಾಗಿತ್ತು. ಹದಿನಾರನೆಯ ವಯಸ್ಸಿನಿಂದ ದೊಡ್ಡ ದೊಡ್ಡ ಗಾಜಿನ ಹಾಳೆಗಳನ್ನು ಎಡಗಡೆಯೇ ಹೊತ್ತು ಬಂದ ತಗ್ಗು ಅದು. ಮದುವೆಯಾದ ವಾರದಲ್ಲೇ ಅದನ್ನು ಕಂಡುಹಿಡಿದ ಟೈಲರಮ್ಮ, ಅಂದಿನಿಂದ ಆತನ ಪ್ರತಿಯೊಂದು ಅಂಗಿಯ ಎಡಭುಜವನ್ನೂ ಅರ್ಧ ಇಂಚು ಇಳಿಸಿಯೇ ಹೊಲಿದಿದ್ದಳು. ಈ ಸಂಗತಿಯನ್ನು ಆತನಿಗೆ ಒಂದು ದಿನವೂ ಹೇಳಿರಲಿಲ್ಲ. ತಾನು ಕಂಬದ ಹಾಗೆ ನೆಟ್ಟಗಿದ್ದೇನೆ ಎಂದೇ ಫ್ರೇಮಣ್ಣ ತಿಳಿದುಕೊಂಡಿದ್ದ.

ಫ್ರೇಮಣ್ಣ ಹೇಳಿದ ದಿನಕ್ಕೆ, ಹೇಳಿದ ಗಂಟೆಗೆ ಕೆಲಸ ಮುಗಿಸಿ ಕೊಡುವವನು. ಆದರೆ ಹೊಗಳಿಕೆ ಎನ್ನುವುದು ಆತನ ಬಾಯಲ್ಲಿ ಹುಟ್ಟುತ್ತಲೇ ಇರಲಿಲ್ಲ. ಊಟ ರುಚಿಯಾಗಿದ್ದರೆ ಸುಮ್ಮನೆ ಉಣ್ಣುತ್ತಿದ್ದ, ರುಚಿಯಾಗಿಲ್ಲದಿದ್ದರೆ ಉಪ್ಪು ಕೇಳುತ್ತಿದ್ದ. ಅಂಗಡಿಗೆ ಬರುವ ಮದುವೆ ಫೋಟೋ, ಶಾಲೆಯ ಸರ್ಟಿಫಿಕೇಟು, ತೀರಿಹೋದ ತಾತನ ಮಸುಕು ಮುಖ, ಕ್ಯಾಲೆಂಡರಿನಿಂದ ಕತ್ತರಿಸಿದ ಹೂಗುಚ್ಛ, ಯಾವುದೇ ಇರಲಿ, ಮೊದಲು ಹಿಂಬದಿ ನೋಡಿ, ಆಮೇಲೆ ಮುಂಬದಿ ನೋಡಿ, "ಗಾಜು ಹಾಕ್ತೀನಿ, ಧೂಳು ಕೂರಲ್ಲ" ಎನ್ನುತ್ತಿದ್ದ. ಎಣ್ಣೆಬಣ್ಣದ ಚಿತ್ರಕ್ಕೆ ಗಾಜು ಹಾಕುವ ರೂಢಿಯಿಲ್ಲ. ಅದು ಗಾಳಿಗೂ ಬೆಳಕಿಗೂ ತಾನೇ ಮೈಯೊಡ್ಡಿ ನಿಲ್ಲಬೇಕು. ಆದರೂ ಊರಿನ ಹವ್ಯಾಸಿಗಳು ಅಂಥ ಚಿತ್ರ ತಂದಾಗಲೂ ಫ್ರೇಮಣ್ಣ ಗಾಜು ಹಾಕುತ್ತೇನೆಂದೇ ಹೇಳುತ್ತಿದ್ದ. ನಮ್ಮ ಚಿತ್ರದ ಮೇಲೆ ಎಷ್ಟು ಕಾಳಜಿ ಎಂದುಕೊಂಡು ಅವರು ಖುಷಿಯಿಂದ ಹೋಗುತ್ತಿದ್ದರು. ಚಿತ್ರ ಆತನಿಗೆ ಹಿಡಿಸಿಲ್ಲ ಎಂಬ ಅದರ ಒಳಗಿನ ಅರ್ಥ ಕಿಂಡಿಯ ಈಚೆ ಕೂತವಳಿಗೆ ಮಾತ್ರ ಗೊತ್ತು. ಇಷ್ಟು ವರ್ಷದಲ್ಲಿ ಮೂರೇ ಮೂರು ಸಲ, ಮೂರೇ ಚಿತ್ರಗಳನ್ನು ನೋಡಿ, ಆತ ಒಂದಿಷ್ಟು ಹೊತ್ತು ಸುಮ್ಮನಿದ್ದು, "ಇದಕ್ಕೆ ಗಾಜು ಬೇಡ" ಎಂದಿದ್ದ. ಮೂರು ಸಲವೂ ಟೈಲರಮ್ಮ ಯಂತ್ರ ನಿಲ್ಲಿಸಿ ಕಿಂಡಿಯಲ್ಲಿ ಇಣುಕಿದ್ದಳು.

ಆತನ ಅಂಗಡಿಯ ಗೋಡೆಯ ಮೇಲೆ, ಬಂದವರಿಗೆ ಮೊದಲು ಕಾಣುವ ಜಾಗದಲ್ಲಿ, ಒಂದು ಖಾಲಿ ಚೌಕಟ್ಟು ತೂಗುತ್ತಿತ್ತು. ಅಪ್ಪನ ಕೈಯಿಂದ ಅಂಗಡಿ ತನ್ನ ಕೈಗೆ ಬಂದ ವರ್ಷ ಆತ ಮಾಡಿದ್ದು ಅದು. ಒಂದು ಹಳೆಯ ಬೀರುವಿನ ಗಟ್ಟಿ ಮರ. ಸುತ್ತಲೂ ಎಲೆಬಳ್ಳಿ ಕೆತ್ತಿದ್ದ. ನಾಲ್ಕು ಮೂಲೆಗಳಲ್ಲೂ ಎಲೆಗೆ ಎಲೆ ಕೂಡಿಕೊಂಡು, ಮರ ಎಲ್ಲಿ ಸೇರಿದೆ ಎಂದು ಉಗುರಿನಿಂದ ಹುಡುಕಿದರೂ ಸಿಗುತ್ತಿರಲಿಲ್ಲ. ಮಾಡಿ ಮುಗಿಸಿದ ದಿನ ಅಪ್ಪನನ್ನು ಕರೆದು ತೋರಿಸಿದ್ದ. ಮುದುಕ ಮೂಲೆಗಳನ್ನು ಮುಟ್ಟಿ ನೋಡಿ, "ಕೆಲಸ ಸರಿ ಇದೆ. ಚಿತ್ರ ಎಲ್ಲಿ?" ಎಂದ. ಚಿತ್ರ ಇನ್ನೂ ಸಿಕ್ಕಿಲ್ಲ, ಹುಡುಕುತ್ತೇನೆ ಎಂದ ಮಗ. "ಚಿತ್ರಕ್ಕೆ ಕಟ್ಟು ಮಾಡ್ತಾರೆ ಕಣೋ. ಕಟ್ಟಿಗೆ ಯಾರಾದ್ರೂ ಚಿತ್ರ ಹುಡುಕ್ತಾರಾ?" ಎಂದು ನಕ್ಕು ಮುದುಕ ಹೊರಟುಹೋದ. ಮೂರು ತಿಂಗಳಲ್ಲಿ ಲೋಕದಿಂದಲೇ ಹೊರಟುಹೋದ. ಆಮೇಲೆ ಫ್ರೇಮಣ್ಣನಿಗೆ ಅದೊಂದು ಹಠವಾಯಿತು. ಎಷ್ಟೋ ಜನ ಕೊಡಿ ಎಂದು ಕೇಳಿದರು, ಕೊಡಲಿಲ್ಲ. ಎಷ್ಟೋ ಚಿತ್ರ ತಂದು ಹಿಡಿದರು, ಒಪ್ಪಲಿಲ್ಲ. ಸೋಮವಾರ ಸೋಮವಾರ ಇಳಿಸಿ, ಒರೆಸಿ, ಮತ್ತೆ ತೂಗುಹಾಕುತ್ತಿದ್ದ.

ಒಂದು ದಿನ ಯಾವನೋ ಗಿರಾಕಿ, ಮಾತಿಗೆ ಮಾತು ಬಂದು, "ಏನಣ್ಣ, ಗಾಳಿಗೆ ಕಟ್ಟು ಹಾಕಿದ್ದೀರಾ?" ಎಂದು ಕೇಳಿ ನಕ್ಕ. ಫ್ರೇಮಣ್ಣನೂ ನಕ್ಕ. ಆದರೆ ಮಧ್ಯಾಹ್ನ ತಟ್ಟೆಯಲ್ಲಿ ಅರ್ಧ ಊಟ ಬಿಟ್ಟು, ಉಪ್ಪನ್ನೂ ಕೇಳದೆ ಎದ್ದ. ಟೈಲರಮ್ಮ ಅದನ್ನು ನೋಡಿದಳು. ಆ ಗಿರಾಕಿಯ ಪ್ಯಾಂಟು ಆಕೆಯ ಹತ್ತಿರವೇ ಹೊಲಿಗೆಗೆ ಬಂದಿತ್ತು. ಅದು ಸಿಗುವ ಶುಕ್ರವಾರ ಬರಲು ಆರು ತಿಂಗಳು ಹಿಡಿಯಿತು.

ಇಂಥ ದಿನಗಳಲ್ಲಿ ಡ್ರಾಯಿಂಗ್ ಮಿಸ್ ಆಕೆಯ ಅಂಗಡಿಗೆ ಬಂದರು. ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಈಗ ಶನಿವಾರ ಮಧ್ಯಾಹ್ನ ಬೇಕರಿಯ ಮೇಲಿನ ಕೋಣೆಯಲ್ಲಿ ನಾಲ್ಕೈದು ಜನಕ್ಕೆ ಎಣ್ಣೆಬಣ್ಣ ಹೇಳಿಕೊಡುತ್ತಿದ್ದರು. ಬಣ್ಣ ಮೆತ್ತಿದ ಏಪ್ರನ್ ಮಾದರಿಗೆಂದು ತಂದು, ಇಂಥದ್ದೇ ಆರು ಬೇಕು ಎಂದರು. ಹೊಲಿದದ್ದನ್ನು ಕೊಡಲು ಟೈಲರಮ್ಮ ತಾನೇ ಮೆಟ್ಟಿಲು ಹತ್ತಿ ಹೋದಳು. ಆರನ್ನೂ ಹೇಳಿದ ದಿನಕ್ಕೇ ಮುಗಿಸಿದ್ದಳು. ಅವಳ ಇತಿಹಾಸದಲ್ಲಿ ಅದೇ ಮೊದಲು.

ಕೋಣೆಯಲ್ಲಿ ಐದು ಜನ ಕೂತು ಒಂದೇ ಚಿತ್ರವನ್ನು ನೋಡಿ ಬರೆಯುತ್ತಿದ್ದರು. ರಟ್ಟಿಗೆ ಅಂಟಿಸಿದ ಅಚ್ಚು ಅದು. ಇನ್ನೂರು ವರ್ಷದ ಹಿಂದೆ ದೂರದ ಯಾವುದೋ ದೇಶದ ಚಿತ್ರಕಾರ ಬರೆದದ್ದಂತೆ. ಬೆಟ್ಟದ ಹಿಂದೆ ಬೆಟ್ಟ, ಅದರ ಹಿಂದೆ ಇನ್ನೊಂದು, ನಡುನಡುವೆ ಮಂಜು ತುಂಬಿಕೊಂಡ ಕಣಿವೆ. ಒಂದು ಪಕ್ಕ ಸಿಡಿಲು ಬಡಿದು ಒಣಗಿದ ಮರ. ಕೆಳಗೆ ಬಂಡೆಯ ಮೇಲೆ ಉದ್ದ ಕೋಟು ತೊಟ್ಟ ಒಬ್ಬ ಮನುಷ್ಯ, ಹೆಬ್ಬೆರಳಿಗಿಂತ ದೊಡ್ಡವನಲ್ಲ, ನಮಗೆ ಬೆನ್ನು ಮಾಡಿ ಬೆಟ್ಟಗಳನ್ನು ನೋಡುತ್ತ ನಿಂತಿದ್ದ. ಬೆಟ್ಟ ಅಂದ್ರೆ ಆ ಕಾಲದವರಿಗೆ ಬರೀ ಕಲ್ಲುಮಣ್ಣಲ್ಲ, ಅದರ ಮುಂದೆ ನಿಂತವನ ಎದೆಯೊಳಗೆ ಏನಾಗುತ್ತೆ ಅನ್ನೋದನ್ನೇ ಅವರು ಬರೀತಿದ್ರು ಎಂದು ಮಿಸ್ ವಿವರಿಸಿದರು.

"ಎದೆ ಎಲ್ಲಿ ಕಾಣಿಸ್ತಿದೆ ಮಿಸ್?" ಎಂದಳು ಟೈಲರಮ್ಮ. "ಬೆನ್ನು ಮಾತ್ರ ಇದೆ."

"ಅದಕ್ಕೇ ಕಷ್ಟ" ಎಂದರು ಮಿಸ್.

ಟೈಲರಮ್ಮ ಆ ಬೆನ್ನನ್ನೇ ನೋಡುತ್ತ ನಿಂತಳು. ಬಹಳ ಹೊತ್ತಿನ ಮೇಲೆ, ಐವತ್ತಾರು ವರ್ಷ ಆದವರೂ ಇದನ್ನು ಕಲಿಯಬಹುದೇ ಎಂದು ಕೇಳಿದಳು. ಅಂದೇ ಆಕೆಯ ಮನಸ್ಸು ನಿಶ್ಚಯವಾಗಿತ್ತು. ಗಂಡನ ಚೌಕಟ್ಟಿಗೆ ಈ ಬೆಟ್ಟ. ಊರಿನವರು ತಂದ ಯಾವ ಚಿತ್ರವೂ ಅದಕ್ಕೆ ಆಗಿಬರದಿದ್ದರೆ ತನ್ನದಾದರೂ ಆಗಿಬರಲಿ.

ಮನೆಯಲ್ಲಿ ಹೇಳಲಿಲ್ಲ. ಡ್ರಾಯಿಂಗ್ ಮಿಸ್ ಮನೆಗೆ ಕರ್ಟನ್ ಹೊಲಿಯುವುದಿದೆ, ಶನಿವಾರ ಅಳತೆಗೆ ಹೋಗುತ್ತೇನೆ ಎಂದಳು. ಟರ್ಪಂಟೈನಿನ ವಾಸನೆ ಗುಟ್ಟು ಬಿಟ್ಟುಕೊಡಬೇಕಿತ್ತು, ಆದರೆ ವಾರ್ನಿಷು ಬಳಿಯುವ ಗಂಡನ ಮೈಯಲ್ಲೂ ಅದೇ ವಾಸನೆ. ಆತನಿಗೆ ಏನೂ ತಿಳಿಯಲಿಲ್ಲ. ನಾಲ್ಕು ತಿಂಗಳಾದ ಮೇಲೆ ಒಂದು ದಿನ ಮಾತ್ರ ಕಿಂಡಿಯಲ್ಲಿ ತಲೆ ಹಾಕಿ, "ಅಲ್ವೇ, ಆ ಮಿಸ್ ಮನೆಗೆ ಕಿಟಕಿ ಎಷ್ಟಿದೆ?" ಎಂದು ಕೇಳಿದ. ಎಷ್ಟೋ ಇದೆ ಎಂದು ಗೊಣಗಿ ಟೈಲರಮ್ಮ ಯಂತ್ರ ಜೋರಾಗಿ ತುಳಿದಳು.

ಮಿಸ್ ಅವರ ಕೋಣೆಯ ನಿಯಮ ಒಂದೇ: ಸಾಕು ಎಂದು ತಾವು ಹೇಳುವವರೆಗೂ ಎಲ್ಲರೂ ಅದೇ ಬೆಟ್ಟ ಬರೆಯಬೇಕು, ಮೊದಲು ರಟ್ಟಿನ ಮೇಲೆ, ಕೈ ಕುದುರಿದ ಮೇಲೆ ಕ್ಯಾನ್ವಾಸಿನ ಮೇಲೆ. ಟೈಲರಮ್ಮನ ಮೊದಲ ಬೆಟ್ಟ ನೋಡಿ ಪಕ್ಕದಲ್ಲಿ ಕೂತ ನಿವೃತ್ತ ಬ್ಯಾಂಕ್ ಗುಮಾಸ್ತರು, ಎಮ್ಮೆ ಚೆನ್ನಾಗಿ ಬಂದಿದೆ ಎಂದರು. ಎರಡನೆಯದು ಬೆಟ್ಟದಂತಿತ್ತು, ಆದರೆ ಒಂದೊಂದು ಶಿಖರಕ್ಕೂ ಅವಳು ಅಂಚು ಹೊಲಿದಂತೆ ಗೆರೆ ಎಳೆದಿದ್ದಳು. ದೂರದ್ದಕ್ಕೆ ಅಂಚೇ ಇರುವುದಿಲ್ಲ, ದೂರ ಹೋದಷ್ಟೂ ಬಣ್ಣ ತೆಳುವಾಗುತ್ತ ನೀಲಿಗೆ ತಿರುಗುತ್ತದೆ, ಹತ್ತಿರದ್ದು ಮಾತ್ರ ಗಾಢ ಎಂದು ಮಿಸ್ ತಿದ್ದಿದರು. ಜೀವಮಾನವೆಲ್ಲ ಅಂಚು ಬಿಚ್ಚಿಕೊಳ್ಳದಂತೆ ಹೊಲಿದ ಕೈ ಅಂಚನ್ನು ಬಿಚ್ಚಿಬಿಡುವುದನ್ನು ಕಲಿಯಬೇಕಾಯಿತು. ಹಸಿ ಬಣ್ಣವನ್ನು ಬಟ್ಟೆ ಚೂರಿನಿಂದ ಮೆಲ್ಲಗೆ ಒರೆಸಿ ಮಂಜು ಮಾಡುವುದನ್ನು ಕಲಿತ ದಿನ ಆಕೆ ಇಡೀ ಕಣಿವೆಯನ್ನೇ ಒರೆಸಿಹಾಕಿ ಕೂತಿದ್ದಳು.

ಆಕೆಗೆ ನಿಜವಾಗಿ ಕೈಕೊಟ್ಟದ್ದು ಕಾಯುವ ಕೆಲಸ. ಎಣ್ಣೆಬಣ್ಣ ಒಣಗಲು ವಾರ ಬೇಕು, ಕೆಲವು ಬಣ್ಣಕ್ಕೆ ಎರಡು ವಾರ. ಒಣಗದೆ ಮೇಲಿನ ಪದರ ಹಚ್ಚುವಂತಿಲ್ಲ. ಊರನ್ನೆಲ್ಲ ಕಾಯಿಸಿದವಳು ಈಗ ಒಂದು ಆಕಾಶಕ್ಕಾಗಿ ಕಾದು ಕೂರಬೇಕಾಯಿತು. ಒಂದು ಶನಿವಾರ ತಡೆಯಲಾರದೆ ಚೀಲದಲ್ಲಿ ಇಸ್ತ್ರಿಪೆಟ್ಟಿಗೆ ತಂದು, ಸಣ್ಣ ಉರಿಯಲ್ಲಿ ಒಂದು ಸಲ ಎಳೆದುಬಿಡುತ್ತೇನೆ ಎಂದಳು. ಮಿಸ್ ಇಸ್ತ್ರಿಪೆಟ್ಟಿಗೆಯನ್ನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದರು, ಸಂಜೆ ಹೋಗುವಾಗ ಕೊಟ್ಟರು.

ಮೂರನೆಯ ರಟ್ಟಿನ ಹೊತ್ತಿಗೆ ಏನೋ ಹಿಡಿತಕ್ಕೆ ಬಂತು. ಬಂಡೆಯ ಮೇಲೆ ಬೆಳಕು ಬೀಳುವುದೂ ಬಟ್ಟೆಯ ಮಡಿಕೆಯ ಮೇಲೆ ಬೀಳುವುದೂ ಒಂದೇ ಎಂದು ಹೊಳೆದದ್ದೇ ತಡ, ಬೆಟ್ಟಗಳು ತಾವಾಗಿಯೇ ಎದ್ದು ನಿಂತವು. ಮಡಿಕೆ ಆಕೆಗೆ ಯಾರೂ ಕಲಿಸಬೇಕಾದದ್ದಲ್ಲ. ಬ್ಯಾಂಕ್ ಗುಮಾಸ್ತರು ಈ ಸಲ ಎಮ್ಮೆಯ ಮಾತೆತ್ತಲಿಲ್ಲ. ಮಿಸ್ ದೂರದಲ್ಲಿ ನಿಂತು ನೋಡಿ, ಇನ್ನು ಕ್ಯಾನ್ವಾಸಿಗೆ ಬನ್ನಿ ಎಂದರು.

ಗಂಡ ಊಟ ಮುಗಿಸಿ ನಿದ್ದೆ ಹೋಗಿದ್ದ ಹೊತ್ತಿನಲ್ಲಿ ಟೈಲರಮ್ಮ ಟೇಪು ಹಿಡಿದು ಆಚೆ ಅಂಗಡಿಗೆ ನುಗ್ಗಿ, ಖಾಲಿ ಚೌಕಟ್ಟಿನ ಒಳಗಿನ ಅಳತೆ ತೆಗೆದಳು. ಮೂವತ್ತು ಇಂಚು, ಇಪ್ಪತ್ತೆರಡು ಇಂಚು. ಅದನ್ನೇ ಚೀಟಿಯಲ್ಲಿ ಬರೆದು ಮಿಸ್‌ಗೆ ಕೊಟ್ಟಳು. ಮಿಸ್ ಆ ಅಳತೆಗೆ ಸರಿಯಾಗಿ ಕ್ಯಾನ್ವಾಸು ಕತ್ತರಿಸಿ ಹಲಗೆಯ ಮೇಲೆ ಪಿನ್ನು ಚುಚ್ಚಿ ಕೊಟ್ಟರು. ಇಲ್ಲಿ ಒಂದು ಎಡವಟ್ಟಾಯಿತು. ಬಟ್ಟೆ ಕತ್ತರಿಸುವವರು ಯಾರೇ ಆಗಲಿ, ಹೇಳಿದ ಅಳತೆಯ ಮೇಲೆ ಹೊಲಿಗೆಗೆಂದು ಒಂದಿಷ್ಟು ಬಿಟ್ಟೇ ಕತ್ತರಿಸುತ್ತಾರೆ ಎಂಬುದು ಟೈಲರಮ್ಮನ ರಕ್ತದಲ್ಲಿದ್ದ ವಿಷಯ. ಅದನ್ನು ಆಕೆ ಅಳೆದೂ ನೋಡಲಿಲ್ಲ. ಸುತ್ತಲೂ ಒಂದೂವರೆ ಇಂಚು ಮಡಿಸುವುದಕ್ಕೆ ಎಂದು ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಗೆರೆಯೊಳಗೆ ಬೆಟ್ಟ ಶುರುಮಾಡಿದಳು. ಬಿಳಿ ಅಂಚು ಬಿಡುವುದು ಆಕೆಗೆ ಇಷ್ಟವಿರಬೇಕು ಎಂದು ಮಿಸ್ ಸುಮ್ಮನಾದರು. ಒಬ್ಬರನ್ನೊಬ್ಬರು ಒಂದು ಮಾತು ಕೇಳಿದ್ದರೆ ಈ ಕಥೆ ಬೇರೆ ರೀತಿ ಮುಗಿಯುತ್ತಿತ್ತು.

ಆಕಾಶ ಒಣಗಿತು, ದೂರದ ಬೆಟ್ಟ ಒಣಗಿತು, ಒಣಮರ ನಿಂತಿತು. ಕೊನೆಗೆ ಉಳಿದವನು ಬಂಡೆಯ ಮೇಲಿನ ಮನುಷ್ಯ. ಹೆಬ್ಬೆರಳಿನಷ್ಟು ಮನುಷ್ಯನಿಗೆ ಆಕೆ ಐದು ಶನಿವಾರ ತೆಗೆದುಕೊಂಡಳು. ಅಚ್ಚಿನಲ್ಲಿದ್ದವನ ಕೋಟು ಆಕೆಗೆ ಸುತರಾಂ ಹಿಡಿಸಲಿಲ್ಲ. ಇದನ್ನು ಹೊಲಿದವನು ಬೆನ್ನು ನೋಡಿಲ್ಲ ಎಂದಳು. ತಾನೇ ಮನಸ್ಸಿನಲ್ಲಿ ಕತ್ತರಿಸಿ ಹೊಲಿದ ಕೋಟನ್ನು ಅವನಿಗೆ ತೊಡಿಸಿದಳು. ಮುಗಿದಾಗ ಮಿಸ್ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಎಡಭುಜ ಇಳಿದುಹೋಗಿದೆ, ಮೂಲದಲ್ಲಿ ಎರಡೂ ಸಮ ಇದೆ, ನಕಲು ಎಂದ ಮೇಲೆ ಸರಿಯಾಗಿ ನಕಲು ಮಾಡಬೇಕು ಎಂದು ತಿದ್ದಲು ಕುಂಚ ಕೈಗೆ ಕೊಟ್ಟರು. ಟೈಲರಮ್ಮ ಕುಂಚ ತೆಗೆದುಕೊಳ್ಳಲಿಲ್ಲ.

"ಅದು ಇಳಿದಿರೋದೇ ಮಿಸ್" ಎಂದಳು. "ಅರ್ಧ ಇಂಚು."

ಮಿಸ್ ಆಕೆಯ ಮುಖ ನೋಡಿದರು, ಏನು ಕಂಡಿತೋ ಏನೋ, ಕುಂಚವನ್ನು ಟರ್ಪಂಟೈನ್ ಡಬ್ಬಿಯಲ್ಲಿ ಅದ್ದಿ ಇಟ್ಟರು. ಸಾಕು ಎಂದರು. ಆ ಕೋಣೆಯಲ್ಲಿ ಆ ಮಾತು ಕೇಳಲು ಟೈಲರಮ್ಮನಿಗೆ ಹದಿನಾಲ್ಕು ತಿಂಗಳು ಹಿಡಿದಿತ್ತು.

ಅದಾದ ಸೋಮವಾರ ಫ್ರೇಮಣ್ಣ ಅಂಗಡಿ ಮುಚ್ಚುವ ಮಾತಾಡಿದ. ಹೆಬ್ಬೆರಳಿನ ಬುಡದಲ್ಲಿ ನೋವು ಕೂತು ವರ್ಷವಾಗಿತ್ತು; ಗರಗಸ ಹಿಡಿದರೆ ಕೈ ನಡುಗುತ್ತಿತ್ತು, ಮೂಲೆಗಳು ಮೊದಲಿನಂತೆ ಕೂಡುತ್ತಿರಲಿಲ್ಲ. ಕೂಡದ ಮೂಲೆ ಕೊಟ್ಟು ಹೆಸರು ಕೆಡಿಸಿಕೊಳ್ಳುವವನಲ್ಲ ಆತ. ತಿಂಗಳ ಕೊನೆಗೆ ಸಾಮಾನೆಲ್ಲ ಖಾಲಿ ಮಾಡುತ್ತೇನೆ ಎಂದ. ಮಧ್ಯಾಹ್ನ ಎದುರಿನ ಬ್ಯೂಟಿ ಪಾರ್ಲರಿನಾಕೆ ಬಂದು, ಗೋಡೆಯ ಮೇಲಿನ ಖಾಲಿ ಫ್ರೇಮು ಕೊಟ್ಟುಬಿಡಿ, ದೊಡ್ಡ ಕನ್ನಡಿ ಕೂರಿಸುತ್ತೇನೆ ಎಂದು ಕೇಳಿದ್ದು ಕಿಂಡಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು. ಇಷ್ಟು ವರ್ಷ ಕೇಳಿದವರಿಗೆಲ್ಲ ಇಲ್ಲ ಎಂದವನು ಈಗ, ಒಂದನೇ ತಾರೀಕು ಬಂದು ತಗೊಂಡು ಹೋಗಿ ಎಂದ. "ಕನ್ನಡೀನೂ ಒಂದು ಥರಾ ಚಿತ್ರಾನೇ ಬಿಡಿ" ಎಂದೂ ಸೇರಿಸಿದ. ಆ ದನಿ ಕೇಳಿ ಟೈಲರಮ್ಮ ಕೈಯಲ್ಲಿದ್ದ ಅಂಗಿಗೆ ತೋಳನ್ನು ಒಳಹೊರಗಾಗಿ ಕೂರಿಸಿ ಹೊಲಿದಳು, ಪೂರಾ ಬಿಚ್ಚಬೇಕಾಯಿತು.

ಉಳಿದದ್ದು ಮೂರು ವಾರ ನಾಲ್ಕು ದಿನ. ಬಂಡೆಯ ಕಪ್ಪುಕಂದು ಇನ್ನೂ ಅಂಟುತ್ತಿತ್ತು. ಆಕೆ ದಿನಾ ಒಂದಲ್ಲ ಒಂದು ನೆವ ಹೇಳಿ ಬೇಕರಿಯ ಮೆಟ್ಟಿಲು ಹತ್ತಿ, ಕಿರುಬೆರಳಿನಿಂದ ಬಿಳಿ ಅಂಚಿನ ಪಕ್ಕ ಮುಟ್ಟಿ ನೋಡಿ ಬರುತ್ತಿದ್ದಳು. ಬಣ್ಣ ಒಣಗದಿದ್ದರೆ ಎಂಬ ಹೆದರಿಕೆ ಒಂದು. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಆತ ಚಿತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಹೆಂಡತಿಯ ಮನಸ್ಸು ನೋಯಿಸಬಾರದೆಂದು, ಎಲ್ಲರಿಗೂ ಹೇಳುವ ಆ ಮಾತನ್ನೇ ಹೇಳಿಬಿಟ್ಟರೆ? ಬೇರೆಯವರಾದರೆ ಸಂತೋಷಪಟ್ಟುಕೊಂಡು ಹೋಗುತ್ತಾರೆ. ಅವಳಿಗೆ ಆ ಮಾತಿನ ಅರ್ಥ ಗೊತ್ತಿತ್ತಲ್ಲ.

ಮೂವತ್ತನೇ ತಾರೀಕು ಮಧ್ಯಾಹ್ನ ಬಣ್ಣ ಬೆರಳಿಗೆ ಅಂಟಲಿಲ್ಲ. ಟೈಲರಮ್ಮ ಹಲಗೆಯ ಮೇಲೆ ತಂತಿ ಬಗ್ಗಿಸಿ, ಬಟ್ಟೆ ಚಿತ್ರಕ್ಕೆ ತಾಗದಂತೆ ಹಳೆಯ ಬೆಡ್‌ಶೀಟಿನ ಗೂಡು ಮಾಡಿ, ಎರಡೂ ಕೈಯಲ್ಲಿ ಎತ್ತಿಕೊಂಡು ಬೀದಿಯುದ್ದ ನಡೆದು ಬಂದಳು. ಬೇಕರಿಯಿಂದ ಇಳಿದು ಬಂದದ್ದರಿಂದ, ಯಾರ ಹುಟ್ಟುಹಬ್ಬ ಎಂದು ದಾರಿಯಲ್ಲಿ ಮೂರು ಜನ ಕೇಳಿದರು. ಫ್ರೇಮಣ್ಣ ಅಂಗಡಿಯಲ್ಲಿ ಮೊಳೆಗಳನ್ನು ಡಬ್ಬಿಗೆ ತುಂಬುತ್ತಿದ್ದ. ಆಕೆ ಹಲಗೆಯನ್ನು ಆತನ ಮೇಜಿನ ಮೇಲಿಟ್ಟು, ಬಟ್ಟೆ ತೆಗೆದು, "ಇದನ್ನ ನೋಡಿ, ನಿಮ್ಮ ಫ್ರೇಮಿಗೆ ನಾನು ಬರ್ದಿರೋದು" ಎಂದಷ್ಟೇ ಹೇಳಿ ತನ್ನ ಅಂಗಡಿಗೆ ಬಂದುಬಿಟ್ಟಳು. ಆತನ ಮುಖ ನೋಡುತ್ತ ನಿಲ್ಲುವ ಧೈರ್ಯ ಆಕೆಗಿರಲಿಲ್ಲ. ಯಂತ್ರದ ಮುಂದೆ ಕೂತು, ಚಕ್ರದ ಮೇಲೆ ಕೈಯಿಟ್ಟು, ತುಳಿಯದೆ ಕಿಂಡಿಗೆ ಕಿವಿಯಾದಳು.

ಹಲಗೆ ಸರಿದ ಸದ್ದಾಯಿತು. ಹಿಂಬದಿ ನೋಡುತ್ತಿದ್ದಾನೆ. ಮತ್ತೆ ಸದ್ದಾಯಿತು. ಆಮೇಲೆ ಏನೂ ಇಲ್ಲ. ಎದುರಿನ ಪಾರ್ಲರಿನಲ್ಲಿ ಯಾರೋ ನಕ್ಕದ್ದು, ಬೀದಿಯಲ್ಲಿ ಸೈಕಲ್ಲೊಂದು ಹೋದದ್ದು ಎಲ್ಲ ಕೇಳಿಸಿತು.

"ಈ ಬಂಡೆ ಮೇಲೆ ನಿಂತಿರೋನು ಯಾರು?" ಎಂದ ಕಡೆಗೆ.

"ಯಾರೋ. ಚಿತ್ರದಲ್ಲಿ ಇದ್ದ."

"ನನ್ನಪ್ಪ ಹೀಗೇ ನಿಲ್ತಿದ್ದ" ಎಂದ ಫ್ರೇಮಣ್ಣ. "ಎಡಗಡೆಗೆ ವಾಲಿಕೊಂಡು. ಗಾಜು ಹೊತ್ತೂ ಹೊತ್ತೂ ಹಾಗಾಗಿತ್ತು. ನಾನು ಕೆಲಸ ಕಲ್ತಿದ್ದೆಲ್ಲ ಅವನ ಬೆನ್ನು ನೋಡ್ಕೊಂಡೇ. ನಿಂಗೆ ಹೇಗೆ ನೆನಪಿತ್ತು?"

ಟೈಲರಮ್ಮ ಬಾಯಿ ತೆರೆದಳು. ಅದು ಮಾವನ ಬೆನ್ನಲ್ಲ, ನಿಮ್ಮದೇ ಎಂದು ನಾಲಿಗೆಯ ತುದಿಗೆ ಬಂದಿತ್ತು. ಮೂವತ್ತೊಂದು ವರ್ಷ ಅಂಗಿಯೊಳಗೆ ಮುಚ್ಚಿಟ್ಟದ್ದನ್ನು ಈಗ ಯಾಕೆ ಬಿಚ್ಚಲಿ ಎನಿಸಿ ನುಂಗಿಕೊಂಡಳು. ಕಣ್ಣು ಮಾತ್ರ ತುಂಬಿ ಬಂತು. ಈ ಮನುಷ್ಯನ ಮೇಲೆ ತನಗೆ ಇಷ್ಟು ಪ್ರೀತಿ ಇದೆಯೆಂದು ಆಕೆಗೇ ಅಂದಾಜಿರಲಿಲ್ಲ.

ಆಚೆ ಟೇಪು ಎಳೆದ ಸದ್ದಾಯಿತು. ಒಂದು ಸಲ, ಇನ್ನೊಂದು ಸಲ. ಕ್ಯಾನ್ವಾಸನ್ನು ಮರದ ಪಟ್ಟಿಗೆ ಬಿಗಿಯಲು ಬಿಳಿ ಅಂಚನ್ನು ಹಿಂದಕ್ಕೆ ಮಡಿಸಿದರೆ ಚಿತ್ರ ಉಳಿಯುವುದು ಇಪ್ಪತ್ತೇಳು, ಹತ್ತೊಂಬತ್ತು; ಚೌಕಟ್ಟಿಗೆ ಎರಡೂ ಕಡೆ ಮೂರು ಮೂರು ಇಂಚು ಕಮ್ಮಿ ಎಂದು ಆತ ಹೇಳಿದ. ಕತ್ತರಿಸುವಾಗಲೇ ಹೊಲಿಗೆಗೆ ಬಿಟ್ಟಿರುತ್ತಾರೆ ಎಂದುಕೊಂಡೆ ಎಂದಳು. ಯಾರು, ಚಿತ್ರ ಬರೆಯುವವರು ಹೊಲಿಗೆಗೆ ಬಿಡುತ್ತಾರಾ ಎಂದು ಆತ ಕೇಳಿದ. ಬಿಡಬೇಕಪ್ಪ, ಯಾರಾದರೂ ಬಿಡಬೇಕು ಎಂದು ಆಕೆ ಅಳುದನಿಯಲ್ಲೇ ರೇಗಿದಳು. ಹದಿನಾಲ್ಕು ತಿಂಗಳ ಕೆಲಸ ಮೂರು ಇಂಚಿನಲ್ಲಿ ಮಣ್ಣುಪಾಲಾಯಿತಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ಆಮೇಲೆ ಒಂದು ದಾರಿ ಹೊಳೆಯಿತು. ಚಿಕ್ಕ ಫೋಟೋವನ್ನು ದೊಡ್ಡ ಫ್ರೇಮಿಗೆ ಕೂರಿಸಲು ಸುತ್ತಲೂ ದಪ್ಪ ಕಾಗದದ ಪಟ್ಟಿ ಹಾಕುತ್ತಾನಲ್ಲ ಇವನು, ಮೌಂಟ್ ಅಂತ.

"ರೀ, ಸುತ್ತ ಮೌಂಟ್ ಹಾಕಿಬಿಡಿ. ಮೂರು ಇಂಚು ಮುಚ್ಚಿಹೋಗುತ್ತೆ."

"ಕಾಗದದ ಮೌಂಟ್ ಹಾಕಿದ್ರೆ ಮೇಲೆ ಗಾಜು ಹಾಕ್ಲೇಬೇಕಾಗುತ್ತೆ."

"ಹಾಕಿ, ಏನೀಗ" ಎಂದಳು.

ಆಚೆ ಕಡೆ ಹಲಗೆ ಎತ್ತಿಟ್ಟ ಸದ್ದಾಯಿತು. ಮೊಳೆಯ ಡಬ್ಬಿಯನ್ನು ಎಲ್ಲೋ ಸರಿಸಿಟ್ಟಂತಾಯಿತು.

"ಇದಕ್ಕೆ ಗಾಜು ಬೇಡ" ಎಂದ ಫ್ರೇಮಣ್ಣ.

ಯಂತ್ರ ಮೊದಲೇ ನಿಂತಿತ್ತು, ನಿಲ್ಲಿಸಬೇಕಾದ್ದು ಏನೂ ಇರಲಿಲ್ಲ. ಟೈಲರಮ್ಮ ಎದ್ದು ಕಿಂಡಿಯಲ್ಲಿ ಇಣುಕಿದಳು, ಆ ಮಾತು ಕೇಳಿ ನಾಲ್ಕನೆಯ ಸಲ. ಚಿತ್ರ ಮೇಜಿನ ತುದಿಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ಗೋಡೆಯ ಮೇಲೆ ಚೌಕಟ್ಟು ಇರಲಿಲ್ಲ. ಅದಿದ್ದ ಜಾಗದಲ್ಲಿ ಸುಣ್ಣ ಮಾತ್ರ ಹೊಸದಾಗಿ ಬೆಳ್ಳಗಿತ್ತು. ಚೌಕಟ್ಟನ್ನು ಮೇಜಿನ ಮೇಲೆ ಬೋರಲು ಹಾಕಿಕೊಂಡು ಆತ ಮೂಲೆಯ ಮೊಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದ.

"ರೀ, ಏನ್ ಮಾಡ್ತಿದೀರಿ?"

ಆತ ತಲೆಯೆತ್ತಲಿಲ್ಲ. "ಚಿತ್ರಕ್ಕೆ ಕಟ್ಟು ಮಾಡ್ತಾರೆ ಕಣೇ" ಎಂದ. "ಅಪ್ಪ ಅವತ್ತೇ ಹೇಳಿದ್ದ."

ಟೈಲರಮ್ಮ ಕಿಂಡಿಯಿಂದ ತಲೆ ತೆಗೆದು ಬೀದಿ ಸುತ್ತಿ ಆಚೆ ಅಂಗಡಿಗೆ ಓಡಿದಳು. ಬೇಡ, ಆ ಎಲೆಗಳು ಕೂಡುವುದಿಲ್ಲ, ನಿಮ್ಮ ಕೈ ಬೇರೆ ನಡುಗುತ್ತದೆ, ನಾನು ಇನ್ನೊಂದು ಬೆಟ್ಟ ಸರಿಯಾದ ಅಳತೆಗೆ ಬರೆಯುತ್ತೇನೆ ಎಂದು ಒಂದೇ ಉಸಿರಿಗೆ ಹೇಳಿದಳು. ಇನ್ನೊಂದು ಬೆಟ್ಟಕ್ಕೆ ಯಾವ ಶುಕ್ರವಾರ ಎಂದು ಆತ ಕೇಳಿದ. ಮೂಲೆ ಕೂಡದ ಫ್ರೇಮು ಹೊರಗೆ ಕೊಟ್ಟರೆ ತಾನೇ ಹೆಸರು ಕೆಡುವುದು, ಇದು ಮನೆಗೆ, ಮನೆಯಲ್ಲಿ ಎಲೆ ಕೂಡದಿದ್ದರೆ ಯಾರು ಕೇಳುತ್ತಾರೆ ಎಂದು ಆತ ನಾಲ್ಕನೆಯ ಮೂಲೆಯನ್ನೂ ಬಿಚ್ಚಿದ. ಉದ್ದದ ಮರವನ್ನು ಮೇಜಿನ ಅಂಚಿಗಿಟ್ಟು, ಪೆನ್ಸಿಲಿನಿಂದ ಓರೆಯಾಗಿ ಗುರುತು ಹಾಕಿ, ಗರಗಸ ತೆಗೆದುಕೊಂಡ. ಆ ಕಡೆ ಅಲ್ಲಾಡದಂತೆ ಹಿಡಿದುಕೊ ಎಂದ. ಆಕೆ ಎರಡೂ ಕೈಯಿಂದ ಒತ್ತಿ ಹಿಡಿದಳು.

"ಅದಿರ್ಲಿ, ಆ ಮಿಸ್ ಮನೇಲಿ ಕಿಟಕಿ ಎಷ್ಟಿದೆ?"

"ಒಂದೇ" ಎಂದಳು ಟೈಲರಮ್ಮ. "ಅದಕ್ಕೂ ಇನ್ನೂ ಕರ್ಟನ್ ಹೊಲಿದಿಲ್ಲ."

ಫ್ರೇಮಣ್ಣನ ಹೊಟ್ಟೆ ಕುಲುಕಿತು. ನಗು ನಿಲ್ಲುವವರೆಗೆ ಕಾದು, ಗರಗಸದ ಹಲ್ಲನ್ನು ಗುರುತಿನ ಮೇಲಿಟ್ಟು, ಮತ್ತೆ ಎತ್ತಿದ. ಇಷ್ಟು ವರ್ಷದಲ್ಲಿ ಎಂದೂ ಕೇಳದ್ದನ್ನು ಹೆಂಡತಿಯನ್ನು ಕೇಳಿದ.

"ಅಳತೆ ನೀನೇ ಹೇಳು. ಎಷ್ಟು ಬಿಡ್ಲಿ?"

ಅಂಚು ಹಿಡಿಯುವಷ್ಟು ಬಿಟ್ಟರೆ ಸಾಕು, ಬಂಡೆ ಮೇಲಿನವನ ಕಾಲು ಮುಚ್ಚಿಹೋಗಬಾರದು ಎಂದಳು. ಆತ ಹೂಂ ಎಂದು ಗರಗಸ ಎಳೆದ. ಮೊದಲ ಎಲೆ ಅರ್ಧಕ್ಕೆ ತುಂಡಾಗಿ ಹೊಟ್ಟು ಅವರಿಬ್ಬರ ಕೈಗಳ ಮೇಲೂ ಉದುರಿತು. ಒಂದೊಂದು ಎಳೆತಕ್ಕೂ ಅಂಗಿಯೊಳಗೆ ಆತನ ಎಡಭುಜ ಇನ್ನಷ್ಟು ತಗ್ಗುತ್ತಿತ್ತು. ಟೈಲರಮ್ಮ ಅದನ್ನೇ ನೋಡುತ್ತ, ಮರ ಕದಲದ ಹಾಗೆ ಹಿಡಿದು ನಿಂತಳು.